ಸಿರಿಂಜಿಗೆ ಸಿಗದ ಪ್ರಾಸ

ಮೇ 25, ರವಿವಾರ

ದುರ್ಗದ ಬೈಲಿನ ಪೇಟೆಗೆ ಹೋಗಿ ನಾಲ್ಕು ಬೆನ್ನುಚೀಲ ತಂದೆ. ನೀಲಿ, ಹಸಿರು, ಕೆಂಪು, ಬೂದಿ. "ಟ್ರಿಪ್ ಹೊಂಟೀರೇನ್ರಿ?" ಎಂದ ಅಂಗಡಿಯವ. ಹೌದು ಎಂದೆ. ಓಣಿಯ ಪಕ್ಕದ ನಾಲಾದ ನೀರು ಮನೆಯೊಳಗೆ ಬಂದರೆ ಮೇಲಿನ ಮನೆಗೆ ಹತ್ತಿ ಹೋಗುವ ಟ್ರಿಪ್ಪು ಎಂದು ಬಿಡಿಸಿ ಹೇಳಲಿಲ್ಲ.

ಹೋದ ಅಕ್ಟೋಬರಿನಲ್ಲಿ ನೀರು ನಮ್ಮ ಮೂರನೆಯ ಮೆಟ್ಟಿಲವರೆಗೆ ಬಂದು, ಒಳಗೆ ಇಣುಕಿ ನೋಡಿ ವಾಪಸು ಹೋಗಿತ್ತು. ಆಗ ಎಲ್ಲರೂ ನಕ್ಕಿದ್ದೆವು. ಜನವರಿಯಲ್ಲಿ ಕರುಣಾಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮಗಳಿಗೆ ಇನ್ನೂ ಹದಿನಾಲ್ಕು. ಊಟಕ್ಕೆ ಮುಂಚೆ ಮೂರು ಸಲ, ಮಲಗುವಾಗ ಒಂದು ಸಲ ಇನ್ಸುಲಿನ್. "ಒಂದು ದಿನ ಇನ್ಸುಲಿನ್ ನಿಂತ್ರೂ ಸೀದಾ ನನ್ನ ಹತ್ರ ಎತ್ತಿಕೊಂಡು ಬರಬೇಕಾಗ್ತದ ನೋಡ್ರಿ" ಎಂದರು ವಿದ್ಯಾನಗರದ ಡಾಕ್ಟರು. ಓಣಿಯಲ್ಲಿ ಸೊಂಟದ ತನಕ ನೀರು ನಿಂತ ದಿನ ಎತ್ತಿಕೊಂಡು ಹೇಗೆ ಬರುವುದು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆದರೆ ಆವತ್ತಿನಿಂದ ಆ ಮೂರನೆಯ ಮೆಟ್ಟಿಲು ದಾಟುವಾಗಲೆಲ್ಲ ನನ್ನ ಕಾಲು ತಣ್ಣಗಾಗುತ್ತದೆ.

ಕಾರ್ಖಾನೆಗೆ ಸುರಕ್ಷತೆಯ ಇಂಗ್ಲಿಷ್ ಕರಪತ್ರ ಬಂದಿತ್ತು. ಪ್ರತಿ ಮನೆಯಲ್ಲಿ ಒಂದು ತುರ್ತು ಚೀಲ ತಯಾರಿರಲಿ ಎಂದು. ಮಾಲಕರು ಅದರ ಮೇಲೆ ಚಹಾದ ಕಪ್ಪು ಇಟ್ಟರು. ನಾನು ಎತ್ತಿ ಜೇಬಿಗೆ ಹಾಕಿಕೊಂಡೆ. ತಾರಿಹಾಳದ ಈ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಸ್ಟೋರ್ ಕೀಪರ್ ನಾನು. ಕನ್ನಡ ಬಿ.ಎ. ಓದಿ ನಟ್ಟು ಬೋಲ್ಟು ಕಾಯುತ್ತಿರುವವನಿಗೆ ಸಾಮಾನು ಹೊಂದಿಸುವುದೊಂದಾದರೂ ಬರುತ್ತದೆ.

ಮೇ 28, ಬುಧವಾರ

ಕರಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಮೂರು ದಿನ ಕೆಡದ ಆಹಾರ, ಕುಡಿಯುವ ನೀರು, ಟಾರ್ಚು, ಸೀಟಿ, ಔಷಧ, ಕಾಗದಪತ್ರ.

"ಶಿವ್ಯಾ, ಇದಕ್ಕ ನಮ್ಮ ಕಡೆ ಬುತ್ತಿ ಅಂತಾರೋ" ಎಂದಳು ಅವ್ವ. "ಇದನ್ನ ಹೇಳಾಕ ಇಂಗ್ಲಿಷ್ ಬೇಕಾತೇನು?"

"ಬುತ್ತಿಯೊಳಗ ಸೀಟಿ ಇರ್ತೈತೇನವಾ?"

"ನಿಮ್ಮಪ್ಪ ಬುತ್ತಿ ಬಿಚ್ಚಿದ್ರ ತಾನ ಸೀಟಿ ಹೊಡೀತಿದ್ದ."

ಎಪ್ಪತ್ತೆರಡು ವರ್ಷದ ನಮ್ಮವ್ವ, ರತ್ನವ್ವ, ಸಂಜೆಯೇ ಜೋಳದ ಹಿಟ್ಟು ನಾದಿ ಕೂತಳು. ಮೂವತ್ತು ರೊಟ್ಟಿ ಬಡಿದು ಕಡಕ್ ಮಾಡಿದ್ದಾಳೆ, ಶೇಂಗಾ ಚಟ್ನಿ ಕುಟ್ಟಿದ್ದಾಳೆ. ಕರೆಂಟು ಹೋದರೆ ಇನ್ಸುಲಿನ್ ಕೆಡಬಾರದೆಂದು ಒಂದರೊಳಗೊಂದು ಕೂತು ಚೀಲದಲ್ಲಿ ಹಿಡಿಸುವ ಎರಡು ಪುಟ್ಟ ಗಡಿಗೆ ತರಿಸಿ, ನಡುವೆ ಹಸಿ ಉಸುಕು ತುಂಬಿದ್ದಾಳೆ. ಹೆದರಿಕೆಯ ಸುಳಿವೇ ಇಲ್ಲ. ಆ ಶಾಖೆಯನ್ನು ಈ ಮನೆಯಲ್ಲಿ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ.

ಜೂನ್ 1, ರವಿವಾರ

ಪಟ್ಟಿ ಬರೆದು ಅಂಟಿಸಿದರೆ ಯಾರೂ ಓದುವುದಿಲ್ಲ. ಹಾಡಿನ ಹಾಗೆ ಪದ ಕಟ್ಟಿದರೆ ಬಾಯಿಗೆ ಹತ್ತುತ್ತದೆ. ಬೆಳಗಿನಿಂದ ಕೂತು ಕಟ್ಟಿದೆ. ಕಾಲೇಜು ಬಿಟ್ಟ ಮೇಲೆ ಇಷ್ಟು ಉದ್ದದ್ದು ಇದೇ ಮೊದಲು.

ಟಾರ್ಚು, ಸೀಟಿ, ಕಡ್ಡಿಪೆಟ್ಟಿಗಿ,
ಆಧಾರ ಕಾರ್ಡು ಎಲ್ಲಾ ಒಟ್ಟಿಗಿ.
ನೀರಿನ ಬಾಟ್ಲಿ, ಕಡಕ ರೊಟ್ಟಿ,
ಶೇಂಗಾ ಚಟ್ನಿ ಗಂಟು ಕಟ್ಟಿ.
ಗ್ಲೂಕೋಸ ಪುಡಿ, ಸಕ್ಕರಿ ಚೂರು,
ನೂಲಿನ ಹಗ್ಗ ನಾಕು ಮಾರು.
ಇನ್ಸುಲಿನ್ ಇರಲಿ ತಂಪಿನೊಳಗ,
ಮನಿ ಮಂದಿ ಇರ್ರಿ ಗುಂಪಿನೊಳಗ.

ತಂಪು, ಗುಂಪು ಹೊಳೆದಾಗ ಒಬ್ಬನೇ ನಕ್ಕೆ. ಉಳಿದದ್ದು ಸಿರಿಂಜು. ಪ್ರಾಸ ಹುಡುಕಿದೆ. ನಂಜು, ಅಂಜು, ಪಂಜು. ಪಂಜು ಪರವಾಗಿಲ್ಲ, ಆದರೆ ಟಾರ್ಚು ಮೊದಲ ಸಾಲಿನಲ್ಲೇ ಬಂದುಬಿಟ್ಟಿದೆ. ಮಗಳು ದಿನಾ ಓದುವ ಪದದಲ್ಲಿ ನಂಜು ಎಂದು ಯಾವ ಅಪ್ಪ ಬರೆದಾನು? ಅಂಜು ಎಂದು ಬರೆಯಲು ಪೆನ್ನು ಏಳಲಿಲ್ಲ. ಕೈಬಿಟ್ಟೆ. ಇನ್ಸುಲಿನ್ ಒಯ್ಯುವವರು ಸಿರಿಂಜು ಬಿಟ್ಟು ಒಯ್ಯುತ್ತಾರೆಯೇ?

ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ. ಭಾಗ್ಯಶ್ರೀ ಒಗ್ಗರಣೆ ಹಾಕುತ್ತಲೇ ಓದಿ, "ನಮ್ಮ ಮದವ್ಯಾದಾಗ ನನ್ನ ಮ್ಯಾಲ ನಾಕ ಸಾಲು ಕಟ್ಟಿದ್ರಿ. ರೊಟ್ಟಿ ಚಟ್ನಿಗೆ ಎಂಟ ಸಾಲು" ಎಂದಳು.

ಜೂನ್ 5, ಗುರುವಾರ

ಕರುಣಾ ತಾನೇ ಚುಚ್ಚಿಕೊಳ್ಳುತ್ತಾಳೆ. ಬಾಟಲಿ ತಲೆಕೆಳಗೆ ಹಿಡಿದು, ಔಷಧ ಎಳೆದು, ಬೆರಳಿನಿಂದ ಸಿರಿಂಜಿಗೆ ಟಕ್ ಟಕ್ ಹೊಡೆದು ಗುಳ್ಳೆ ತೆಗೆಯುತ್ತಾಳೆ. ಆಮೇಲಿನದು ನಾನು ನೋಡಿಲ್ಲ. ಆ ಹೊತ್ತಿಗೆ ಸರಿಯಾಗಿ ನನಗೆ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ನೋಡುವುದಿರುತ್ತದೆ. ಜನವರಿಯಿಂದ ಈ ಮನೆಯಲ್ಲಿ ಪಂಚಾಂಗ ನನ್ನಷ್ಟು ಬಲ್ಲವರಿಲ್ಲ.

ಇವತ್ತು ಕೇಳಿದಳು. "ಅಪ್ಪಾ, ಏಕಾದಶಿ ಯಾವಾಗ?"

"ನಾಳೆ."

"ಅಲ್ಲಾ, ನಿನ್ನಿ ಕೇಳಿದಾಗೂ ನಾಳೆ ಅಂದಿದ್ದಿ."

ಭಾಗ್ಯಶ್ರೀ ಬಾಯಿಗೆ ಸೆರಗು ಹಿಡಿದಳು.

ಜೂನ್ 8, ರವಿವಾರ

ತಾಲೀಮು ಮಾಡಿಸಿದೆ. ನಾನು ಸೀಟಿ ಊದಿದ ಕೂಡಲೆ ನಾಲ್ವರೂ ಚೀಲ ಹೆಗಲಿಗೇರಿಸಿ, ಹೊರಗಿನ ಮೆಟ್ಟಿಲು ಹತ್ತಿ, ಮೇಲೆ ಇರುವ ಮನೆ ಮಾಲಕಿ ಮದೀನಾಬಿಯವರ ಬಾಗಿಲು ಮುಟ್ಟಬೇಕು. ಅವ್ವ ದೇವರಿಗೆ ದೀಪ ಹಚ್ಚುತ್ತಿದ್ದಳು, ಮುಗಿಸಿಯೇ ಬಂದಳು. ಭಾಗ್ಯಶ್ರೀ ಗ್ಯಾಸ್ ಆರಿಸಿ, ಕೂದಲು ಬಾಚಿ ಬಂದಳು. ಹನ್ನೊಂದು ನಿಮಿಷ.

ಮದೀನಾಬಿ ಬಾಗಿಲು ತೆರೆದು ನಾಲ್ಕು ಚೀಲ ನೋಡಿ, "ಏ ಅಣ್ಣಾರ, ಮನಿ ಖಾಲಿ ಮಾಡಾಕತ್ತೀರೇನ್ರಿ? ಹೇಳಲಿಲ್ಲ ಕೇಳಲಿಲ್ಲ!" ಎಂದು ಗಾಬರಿಯಾದರು. ಚಹಾ ಕುಡಿಸಿದರು. ಪದವನ್ನು ಅವರಿಗೂ ಓದಿ ಹೇಳಿದೆ.

"ಇನ್ನೊಮ್ಮೆ" ಎಂದೆ, ಕೆಳಗೆ ಬಂದ ಮೇಲೆ. "ಐದು ನಿಮಿಷದಾಗ ಆಗಬೇಕು."

ಕರುಣಾ ಚೀಲವನ್ನು ನೆಲಕ್ಕೆ ಕುಕ್ಕಿದಳು. "ನಾ ಏನ ನಿನ್ನ ಸ್ಟೋರಿನ ಸಾಮಾನೇನು? ಎಲ್ಲಿ ಇಡಬೇಕು, ಎಷ್ಟ ನಿಮಿಷಕ್ಕ ತಗೀಬೇಕು! ದಿನಾ ನಾಕ ಸಲ ನಾ ಚುಚ್ಚಿಕೊಂತೇನಿ, ಅಂಜಾಂವ ನೀ!"

ಹನ್ನೊಂದು ನಿಮಿಷದಲ್ಲಿ ನಾಲಾ ಎಷ್ಟು ಏರಬಲ್ಲದು ಎಂದು ಯಾರಿಗಾದರೂ ಗೊತ್ತಿದೆಯೇ?

ಜೂನ್ 9, ಸೋಮವಾರ

ಕರುಣಾ ಶಾಲೆಗೆ ಹೋದ ಮೇಲೆ ನಾಲ್ಕೂ ಚೀಲ ತಪಾಸಣೆ ಮಾಡಿದೆ. ಸ್ಟೋರಿನ ನಿಯಮವೇ ಇಲ್ಲಿಯೂ: ಪಟ್ಟಿಯಲ್ಲಿ ಇಲ್ಲದ್ದು ಚೀಲದಲ್ಲಿ ಇರಕೂಡದು. ಅವ್ವನ ಚೀಲದಿಂದ ಎಲೆ ಅಡಿಕೆಯ ಚಂಚಿ, ಭಾಗ್ಯಶ್ರೀಯದರಿಂದ ಒಂದು ಇಳಕಲ್ ಸೀರೆ ಹೊರಬಂದವು. ಕರುಣಾಳದರಿಂದ ಇಯರ್‌ಫೋನು, ಉಗುರಿನ ಬಣ್ಣ, ಹೂವಿನ ಚಿತ್ರದ ಒಂದು ಜಿಪ್ಪಿನ ಪೌಚು. ಹುಡುಗಿಯರ ಪೌಚು ಅಪ್ಪಂದಿರು ತೆರೆಯಬಾರದು, ತೆರೆಯಲಿಲ್ಲ. ಎಲ್ಲವನ್ನೂ ಕಪಾಟಿನ ನೆತ್ತಿಯ ಮೇಲಿಟ್ಟೆ.

ಆಮೇಲೆ ಚೀಲಗಳ ಜಿಪ್ಪಿಗೆ ಟೇಪು ಸುತ್ತಿ ಸಹಿ ಹಾಕಿದೆ. ಸೀಲು. ಇನ್ನು ಸೀಟಿ ಊದುವ ತನಕ ಯಾರೂ ಒಡೆಯುವಂತಿಲ್ಲ. ತಿಂಗಳಾದ ಮೇಲೆ ಇವತ್ತು ಉಸಿರು ಸರಾಗ.

ಜೂನ್ 11, ಬುಧವಾರ

ಮುಗಿಲು ಹರಿದಿದೆ, ಹೊಲಿಯುವವರಿಲ್ಲ;
ಬಾಗಿಲು ಹಾಕಿದೆ, ಮಲಗುವವರಿಲ್ಲ.

ಜೂನ್ 12, ಗುರುವಾರ

ಎರಡನೆಯ ಮೆಟ್ಟಿಲು. ನಾಳೆ ಶಾಲೆಗಳಿಗೆ ರಜೆ ಸಾರಿದ್ದಾರೆ. ಕಾರ್ಖಾನೆಗೆ ಇಲ್ಲ, ಮಾಲು ಹೋಗುವುದಿದೆ. ರಜೆ ಹಾಕಲೇ ಎಂದು ಕೇಳಿದೆ. "ಹೋಗ್ರಿ. ಮನ್ಯಾಗ ಇದ್ರ ಸೀಟಿ ಊದತೀರಿ" ಎಂದಳು ಭಾಗ್ಯಶ್ರೀ. ಚೀಲಗಳಿವೆ ಎಂಬ ಧೈರ್ಯದಲ್ಲಿ ಹೋಗುತ್ತೇನೆ.

ಜೂನ್ 14, ಶನಿವಾರ

ಮದೀನಾಬಿಯವರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಡೈರಿ ನಿನ್ನೆ ಊಟದ ಡಬ್ಬಿಯ ಜೊತೆ ನನ್ನ ಕೈಚೀಲದಲ್ಲಿ ತಾರಿಹಾಳಕ್ಕೆ ಬಂದಿತ್ತು, ಅದಕ್ಕೇ ಒಣಗಿದೆ.

ನಿನ್ನೆ ಹತ್ತು ಗಂಟೆಗೆ ತಾರಿಹಾಳದಲ್ಲಿ ಕರೆಂಟು ಹೋಯಿತು. ಹನ್ನೊಂದಕ್ಕೆ ಫೋನು ಸತ್ತಿತು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಲೇಥ್ ಮೇಲೆ ಕೆಲಸ ಮಾಡುವ ಉಳವಪ್ಪನ ಜೊತೆ ಡಬ್ಬಿ ಬಿಚ್ಚಿ ಕೂತೆ.

"ಸರ್, ನಿಮ್ಮ ಓಣಿ ತಗ್ಗಿನ್ಯಾಗ ಐತೆಲ್ಲರಿ. ಮನ್ಯಾಗ ಹ್ಯಾಂಗ?"

ಎಲ್ಲ ತಯಾರಿ ಇದೆ ಎಂದೆ. ಜಂಬದಿಂದಲೇ ಎಂದೆ. ಪದವನ್ನು ಪೂರಾ ಹೇಳಿ ತೋರಿಸಿದೆ. ಉಳವಪ್ಪ ರೊಟ್ಟಿ ಮುರಿಯುತ್ತ ಕೇಳಿದ, ಗುಂಪಿನೊಳಗ ಎಂಬಲ್ಲಿ ತಲೆಯನ್ನೂ ದೂಗಿದ.

"ಭಾರಿ ಛಲೋ ಕಟ್ಟೀರಿ ಸರ್. ಮತ್ತ ಎದರಿಂದ ಚುಚ್ಚತೀರಿ?"

"ಆಂ?"

"ಇನ್ಸುಲಿನ್ನರಿ. ಸೂಜಿ ಬರಲಿಲ್ಲಲ್ಲರಿ ಪದದಾಗ."

ಚೀಲದಲ್ಲಿ ಇಲ್ಲ. ನನಗೆ ಗೊತ್ತು, ಸೋಮವಾರ ನಾನೇ ತಪಾಸಣೆ ಮಾಡಿದ್ದೇನೆ. ಪಟ್ಟಿಯಲ್ಲಿ ಇದ್ದಷ್ಟೇ ಇದೆ ಎಂದು ಸಹಿ ಹಾಕಿದ್ದೇನೆ. ದಿನದ ಸಿರಿಂಜಿನ ಡಬ್ಬಿ ಇರುವುದು ಅಡಿಗೆಮನೆಯ ಕೆಳಗಿನ ಹಲಗೆಯ ಮೇಲೆ. ನೀರು ಬಂದರೆ ಮೊದಲು ಮುಳುಗುವ ಹಲಗೆ ಅದು.

ಗೇಟ್ ಪಾಸು ಬರೆಯದೆ ನಾನು ಕಾರ್ಖಾನೆ ಬಿಟ್ಟದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಉಳವಪ್ಪನ ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ಕಂಡ ಎರಡು ಔಷಧದ ಅಂಗಡಿಗಳ ಶಟರ್ ಇಳಿದಿತ್ತು. ಮೂರನೆಯದು ಅರ್ಧ ತೆರೆದಿತ್ತು, ಬಗ್ಗಿ ಒಳಹೋಗಿ ಹತ್ತು ಸಿರಿಂಜು ತಂದು ಅಂಗಿಯ ಒಳಗೆ ಇಟ್ಟುಕೊಂಡೆ. ಮುಂದೆ ರಸ್ತೆಯೇ ಕಾಣಲಿಲ್ಲ, ಬೈಕು ನಿಂತಿತು. "ಸರ್, ನೀವು ಗ್ವಾಡಿ ಹಿಡದ ಹೋಗ್ರಿ, ನಡುವ ಗಟಾರ ಬಾಯಿ ತಗದಿರ್ತಾವು" ಎಂದು ಉಳವಪ್ಪ ಹಿಂದಿನಿಂದ ಕೂಗುತ್ತಲೇ ಇದ್ದ. ಕಂಪೌಂಡು ಗೋಡೆ ಹಿಡಿದು, ಎದೆಯ ಮೇಲೊಂದು ಕೈ ಇಟ್ಟುಕೊಂಡು ನಡೆದೆ. ಬಾಯಿ ತಾನಾಗಿ ಪದ ಹೇಳುತ್ತಿತ್ತು. ಟಾರ್ಚು, ಸೀಟಿ, ಕಡ್ಡಿಪೆಟ್ಟಿಗಿ. ನಿಲ್ಲಿಸಿದರೂ ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ನಮ್ಮ ಬಾಗಿಲಿನೊಳಗೆ ಸೊಂಟದ ಮಟ್ಟ ನೀರು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒಂದು ತೇಲುತ್ತ ಹೊರಗೆ ಬಂತು. ಮೇಲಿನ ಕಟಾಂಜನದ ಸರಳಿಗೆ ಕರುಣಾಳ ಚೂಡಿದಾರ ಒಣಹಾಕಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ನೂಲಿನ ಹಗ್ಗ. ನಾಲ್ಕು ಮಾರು.

ಆ ಹಗ್ಗ ನೋಡಿ ಮೆಟ್ಟಿಲಲ್ಲೇ ಕೂತುಬಿಟ್ಟೆ. ಒಳಗಿನಿಂದ ಅವ್ವ ಬಂದಳು.

"ಕೂಸು ಆರಾಮ ಐತೋ, ಏಳು. ಉಂಡು ಮಲಗೇತಿ."

ಅವ್ವ ಹೇಳಿದ್ದು ಹೀಗೆ. ನೀರು ಮೂರನೆಯ ಮೆಟ್ಟಿಲು ಮುಟ್ಟಿದ ಕೂಡಲೆ ಮೂವರೂ ಸೇರಿ ನಾಲ್ಕೂ ಚೀಲ ಎತ್ತಿಕೊಂಡು ಮೇಲೆ ಬಂದಿದ್ದಾರೆ. ಐದೇ ನಿಮಿಷ. ಒಂದು ಗಂಟೆಗೆ ಊಟದ ಹೊತ್ತಾಗಿ ಸೀಲು ಒಡೆದರೆ ಗಡಿಗೆಯಲ್ಲಿ ಇನ್ಸುಲಿನ್ ತಣ್ಣಗೆ ಕೂತಿದೆ, ಸಿರಿಂಜಿಲ್ಲ. "ನಾಕೂ ಚೀಲ ಸುರುವಿ ನೋಡಿದಿವಿ. ಮದೀನಾಬಿ ಅಂದ್ಲು, ಮತ್ತೊಮ್ಮೆ ಪದಾ ಹೇಳ್ರಿ, ಎಲ್ಲೋ ಬಿಟ್ಟೀರಿ ಅಂತ. ಮೂರ ಸಲ ಹೇಳಿದಿವಪಾ. ಇಲ್ಲೋ ಅದರಾಗ."

ಕರುಣಾ ಊಟ ಮಾಡಲಿಲ್ಲವಂತೆ. ಎರಡು ಗಂಟೆಗೆ ಬಾಯಿ ಒಣಗಿ ನೀರು ನೀರು ಎನ್ನತೊಡಗಿದಳಂತೆ. ನೀರು ಇಳಿಯುವ ಹಾಗೆ ಕಾಣಲಿಲ್ಲ. ತಾನು ಇಳಿಯುತ್ತೇನೆ ಎಂದಳಂತೆ ಭಾಗ್ಯಶ್ರೀ. "ನಿನಗ ಈಜು ಬರಂಗಿಲ್ಲ ಮಮ್ಮಿ, ನನಗ ಬರ್ತೈತಿ" ಎಂದು ಕರುಣಾ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಳಂತೆ. ಮದೀನಾಬಿ ಮೇನ್ ಸ್ವಿಚ್ ಆರಿಸಿದ್ದಾರೆ. ಇನ್ನೊಂದು ತುದಿ ಹಿಡಿದು ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ. ನಾಲ್ಕು ಮಾರು ಹಗ್ಗ ಪಡಸಾಲೆಯ ಕಪಾಟಿನ ತನಕ ಸಾಲುತ್ತದೆ. ಅಡಿಗೆಮನೆಯ ತನಕ ಸಾಲುವುದಿಲ್ಲ.

ಕಪಾಟಿನ ತನಕ ಯಾಕೆ ಎಂದು ಕೇಳಿದೆ. ಅಲ್ಲೇನಿದೆ?

ಹಾಸಿಗೆಯಲ್ಲಿ ಕರುಣಾ ಕಣ್ಣು ಬಿಟ್ಟಿದ್ದಳು. ದಿಂಬಿನ ಹತ್ತಿರ ಹೂವಿನ ಚಿತ್ರದ ಪೌಚು.

"ನಾ ಇಟ್ಟಿದ್ದೆ ಅಪ್ಪಾ. ಹತ್ತ ಸಿರಿಂಜ. ನೀ ತಗದಿ ಏನು?"

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಕಪಾಟಿನ ನೆತ್ತಿಯ ಮೇಲೆ ಹೂವಿನ ಚಿತ್ರದ ಒಂದು ತುದಿ ಬುಧವಾರವೇ ಕಂಡಿತ್ತಂತೆ. ಮನೆಯ ಬೇರೆ ಸಾಮಾನು ಇರಬೇಕು, ತನ್ನದು ಚೀಲದಲ್ಲಿ ಸೀಲಾಗಿದೆ ಎಂದುಕೊಂಡಿದ್ದಳಂತೆ. ಹೌದು, ನಾನೇ ತೆಗೆದೆ ಎಂದೆ. ಅಂಗಿಯೊಳಗಿನ ಹತ್ತು ಸಿರಿಂಜು ತೆಗೆದು ಪಕ್ಕದಲ್ಲಿಟ್ಟೆ. ಒದ್ದೆಯಾಗಿ ಅಂಟಿಕೊಂಡಿದ್ದವು.

"ಏಕಾದಶಿ ಯಾವಾಗ?" ಎಂದಳು.



ಜೂನ್ 15, ರವಿವಾರ

ಕರುಣಾಳ ಸೊಂಟದ ಮೇಲೆ ಹಗ್ಗ ಉಜ್ಜಿದ ಕೆಂಪು ಗೆರೆ ಇದೆ. ಚುಚ್ಚಿಕೊಳ್ಳುವ ಜಾಗದ ಪಕ್ಕದಲ್ಲೇ.

ಜೂನ್ 17, ಮಂಗಳವಾರ

ನೀರು ಇಳಿದಿದೆ. ಮೂರು ದಿನ ರಾಡಿ ಬಳಿದು ಹೊರಗೆ ಹಾಕಿದೆವು. ಭಾಗ್ಯಶ್ರೀ ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಿದ್ದಳು: ಬಕೆಟ್ ಕೊಡ್ರಿ, ಕಸಬರಿಗಿ ತರ್ರಿ. ಇವತ್ತು ಕಪಾಟು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಆಕಿ ಒಳಗ ಹೋದಾಗ ಹಗ್ಗ ಒಮ್ಮೆ ಸಡ್ಲಾತು ನೋಡ್ರಿ. ಹೆಸರ ಹಿಡದ ಕರದ್ರ ಓ ಅನ್ನಲಿಲ್ಲ. ಎಷ್ಟ ಹೊತ್ತೋ ಗೊತ್ತಿಲ್ಲ. ಆಮ್ಯಾಲ ಸಿಕ್ತು ಮಮ್ಮಿ ಅಂದ್ಲು."

ಬಟ್ಟೆ ಹಿಂಡಿ ಮತ್ತೆ ಹೇಳಿದಳು.

"ನಿಮ್ಮ ಸ್ಟೋರ್ ತಾರಿಹಾಳದಾಗ ಐತಿ. ಇದು ಮನಿ. ಇಲ್ಲಿ ಸೀಲ ಹಾಕಬ್ಯಾಡ್ರಿ. ಏನರೆ ತಗದ್ರ ಒಂದ ಮಾತ ಕೇಳ್ರಿ."

ಆಗಲಿ ಎಂದೆ. ಅವಳು ಕಸಬರಿಗೆ ನನ್ನ ಕೈಗೆ ಕೊಟ್ಟು ಚಹಾ ಇಡಲು ಹೋದಳು. ಎರಡು ಕಪ್ಪಿನ ಸದ್ದು ಕೇಳಿತು.

ಅಡಿಗೆಮನೆಯ ಬಾಗಿಲಿನ ಪದದ ಕೆಳಗಿನ ನಾಲ್ಕು ಸಾಲು ಅಳಿಸಿಹೋಗಿವೆ. ಮತ್ತೆ ಬರೆಯಲಿಲ್ಲ.

ಜೂನ್ 22, ರವಿವಾರ

ಮತ್ತೆ ಮೋಡ. ಮಧ್ಯಾಹ್ನ ಚೀಲಗಳನ್ನು ಒಣಗಿಸಿ ಹೊಸದಾಗಿ ತುಂಬಿದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಮೊದಲು ಎಲೆ ಅಡಿಕೆಯ ಚಂಚಿ ಇಟ್ಟು, ನನ್ನ ಮುಖ ನೋಡಿ, ಆಮೇಲೆ ರೊಟ್ಟಿ ಇಟ್ಟಳು. ಇಳಕಲ್ ಸೀರೆಯೂ ಹೋಯಿತು. ಅದು ಭಾಗ್ಯಶ್ರೀಯ ತಾಯಿಯದಂತೆ, ಹದಿನೆಂಟು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ಮೋಡಕ್ಕೆ ಮನೆಯೊಳಗೆ ಕತ್ತಲು, ಕರೆಂಟೂ ಇಲ್ಲ. ಊಟದ ಹೊತ್ತಿಗೆ ಕರುಣಾ ಕರೆದಳು. "ಅಪ್ಪಾ, ಸಿರಿಂಜಿನ ಗೆರಿ ಕಾಣವಲ್ದು. ಟಾರ್ಚ್ ಹಿಡಿ." ಹಿಡಿದೆ. ಎಂಟನೆಯ ಗೆರೆಗೆ ನಿಲ್ಲಿಸಬೇಕು. ಒಂದು ಗುಳ್ಳೆ ಉಳಿದಿತ್ತು, ಹೇಳಿದೆ. ಟಕ್ ಎಂದು ಹೊಡೆದಳು, ಹೋಯಿತು. ಸೂಜಿ ನಾನು ತಿಳಿದಿದ್ದಕ್ಕಿಂತ ಬಹಳ ಸಣ್ಣದು. ಆಮೇಲೆ ಬದನೆಕಾಯಿ ಎಣಗಾಯಿ ಊಟ ಮಾಡಿದೆವು. ಖಾರ ಹೆಚ್ಚಾಗಿತ್ತು. ನಾಲಾ ಮೊದಲನೆಯ ಮೆಟ್ಟಿಲಿನ ಕೆಳಗಿದೆ ಎಂದು ಮದೀನಾಬಿ ಮೇಲಿನಿಂದ ಕೂಗಿ ಹೇಳಿದರು. ಹೋಗಿ ನೋಡಬೇಕೆಂದಿದ್ದವನು ಮರೆತುಬಿಟ್ಟೆ.

ಸಂಜೆ ನೀರು ಕುಡಿಯಲು ಹೋದಾಗ ನೋಡಿದರೆ ಅಡಿಗೆಮನೆಯ ಬಾಗಿಲಿಗೆ ಹೊಸ ಹಾಳೆ. ನನ್ನ ಎಂಟು ಸಾಲನ್ನೂ ಕರುಣಾ ತನ್ನ ಅಕ್ಷರದಲ್ಲಿ ಬರೆದಿದ್ದಾಳೆ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಎರಡು ಸಾಲು ಅವಳದೇ:

ಮೊದ್ಲ ಸಿರಿಂಜು,
ಆಮ್ಯಾಲ ಅಂಜು.

ಬೆರಳು ಮಡಿಚಿ ಎಣಿಸಿದೆ. ಎರಡನೆಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ. ಪೆನ್ನು ಜೇಬಿನಲ್ಲೇ ಇತ್ತು. ತಿದ್ದಲಿಲ್ಲ.